ನನ್ನ ಹೊಟ್ಟೆ ಉರಿಯ ಶನಿವಾರಗಳು

ಒಳಗೆ ನನ್ನ ಮಗಳು ನಗುತ್ತಿದ್ದಳು. ಹೊರಗೆ ಫರಸಿ ಕಲ್ಲಿನ ಕಟ್ಟೆಯ ಮೇಲೆ ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ನಡುವೆ ಒಂದು ಮುಚ್ಚಿದ ಬಾಗಿಲು. ಶಹಾಬಾದಿನ ಒಂದು ಮಕ್ಕಳ ದವಾಖಾನೆಯ ಹಿಂಭಾಗದ ಕೋಣೆಯ ಬಾಗಿಲು ಅದು. ಶನಿವಾರ ಮಧ್ಯಾಹ್ನ ಅಲ್ಲಿಗೊಬ್ಬ ಆಪ್ತಸಲಹೆಗಾರ್ತಿ ಬರುತ್ತಿದ್ದಳು. ಮನೆಯಲ್ಲಿ ಒಂದು ತಿಂಗಳಿನಿಂದ ಹಲ್ಲು ಬಿಚ್ಚದ ನನ್ನ ಎಂಟು ವರ್ಷದ ಮಗಳು ಅವಳ ಮುಂದೆ ಖಿಲಖಿಲ ನಗುತ್ತಿದ್ದಳು. ಮಗಳು ನಕ್ಕರೆ ತಾಯಿಗೆ ಖುಷಿಯಾಗಬೇಕು. ಆಗಲಿಲ್ಲ. ಆ ಬಾಗಿಲನ್ನು ಒದ್ದು ಒಳಗೆ ಹೋಗಿ, "ಅಂಥಾದ್ದೇನ್ ಹೇಳಿದ್ರಿ, ನನಗೂ ಹೇಳ್ರಿ, ನಾನೂ ನಗ್ತೀನಿ" ಎಂದು ಕೇಳಬೇಕೆನಿಸಿತು.

ನಾನು ಸೇಡಂನಲ್ಲಿ ಹೈಸ್ಕೂಲಿನ ಕನ್ನಡ ಟೀಚರ್. ಮಾತೇ ನನ್ನ ಹೊಟ್ಟೆಪಾಡು. ಬಾಯಿ ಬಿಡದ ಎಂಥೆಂಥ ಹುಡುಗರನ್ನೋ ಮಾತಾಡಿಸಿದವಳು ಎಂದು ನನಗೊಂದು ಜಂಬ ಬೇರೆ. ನಮ್ಮ ಮನೆಯವರು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು, ಶಾಂತ ಸ್ವಭಾವ. ಮನೆಯ ಸಿಟ್ಟೆಲ್ಲ ನನ್ನೊಬ್ಬಳ ಪಾಲಿಗೇ ಬಂದಿದೆ. ಮದುವೆಯಾಗಿ ಬಹಳ ವರ್ಷ ನಮಗೆ ಮಕ್ಕಳಾಗಲಿಲ್ಲ. ಮಗಳನ್ನು ದತ್ತು ತಂದಾಗ ಅವಳಿಗೆ ಎರಡು ವರ್ಷ. ಗುಂಗುರು ಕೂದಲು, ಸಣ್ಣ ಮೂಗು, ಯಾರು ಎತ್ತಿಕೊಂಡರೂ ಹೆಗಲಿಗೆ ಗಲ್ಲ ಆನಿಸಿ ಸುಮ್ಮನಾಗುತ್ತಿದ್ದ ಕೂಸು. ಮೊದಲ ವಾರ ನನ್ನ ಅತ್ತೆಯ ಹೆಗಲೇ ಅವಳಿಗೆ ಹೆಚ್ಚು ಹಿಡಿಸಿತ್ತು. ಆಗಲೇ ನನಗೆ ಅತ್ತೆಯ ಮೇಲೆ ಕಣ್ಣು ಕೆಂಪಾಗಿತ್ತು ಎಂದರೆ ನನ್ನ ಗುಣ ಎಂಥದು ನೀವೇ ಲೆಕ್ಕ ಹಾಕಿ.

ದತ್ತು ತಂದ ವಿಷಯವನ್ನು ಅವಳಿಂದ ನಾವು ಮುಚ್ಚಿಡಲಿಲ್ಲ. ಮಾತು ಸರಿಯಾಗಿ ಬರುವುದಕ್ಕೆ ಮೊದಲೇ ಅದನ್ನು ಕತೆಯ ಹಾಗೆ ಹೇಳುತ್ತ ಬಂದೆವು. ಒಬ್ಬಾಕೆ ನಿನ್ನನ್ನು ಹಡೆದಳು, ಅವಳಿಗೆ ಸಾಕಲು ಆಗಲಿಲ್ಲ, ನಾವು ಹೋಗಿ ಕರೆದುಕೊಂಡು ಬಂದೆವು. ರಾತ್ರಿ ಅವಳು ನನ್ನ ಹೊಟ್ಟೆಯ ಮೇಲೆ ತಲೆಯಿಟ್ಟು ಅಡ್ಡ ಮಲಗಿ ಇದನ್ನು ಕೇಳುತ್ತಿದ್ದಳು. ನಡುವೆ ನನ್ನ ಹೊಟ್ಟೆ ಗುರ್ ಎಂದರೆ ನಗುತ್ತಿದ್ದಳು. ಆ ಕತೆಯಲ್ಲಿ ಹಡೆದವಳ ಪಾಲಿಗೆ ಬರುತ್ತಿದ್ದದ್ದು ಒಂದೇ ಸಾಲು. ಉಳಿದ ಕತೆಯೆಲ್ಲ ನನ್ನದು. ಹಾಗಾಗಿ ನನಗೂ ಏನೂ ತ್ರಾಸು ಇರಲಿಲ್ಲ.

ತ್ರಾಸು ಶುರುವಾದದ್ದು ಚಿತ್ತಾಪುರದಲ್ಲಿ, ನನ್ನ ನಾದಿನಿಯ ಕುಬಸದ ದಿನ. ಕುಬಸ ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಯಕೆಯ ಊಟ ಮಾಡಿಸುವುದು. ಹೆಂಗಸರು ಸುತ್ತ ಕೂತರೆ ಮಾತು ಎಲ್ಲಿಗೆ ಹೋಗುತ್ತದೆ? ಯಾರಿಗೆ ಯಾವ ಮಗು ಹೊಟ್ಟೆಯಲ್ಲಿದ್ದಾಗ ಏನು ತಿನ್ನಬೇಕೆನಿಸಿತ್ತು ಎಂಬಲ್ಲಿಗೆ. ಒಬ್ಬಳಿಗೆ ಹುಣಸೆ ಚಿಗುರು, ಇನ್ನೊಬ್ಬಳಿಗೆ ಬಳಪ. ದಂಡೋತಿಯಿಂದ ಬಂದಿದ್ದ ಒಬ್ಬ ಅಜ್ಜಿ, ಹೊಲದಲ್ಲಿ ನಿಂತು ಹಸಿ ತೊಗರಿಕಾಯಿ ಸುಲಿಸುಲಿದು ತಿಂದದ್ದಕ್ಕೇ ತನ್ನ ಮಗ ಅಷ್ಟು ಗಟ್ಟಿಮುಟ್ಟಾದ ಎಂದಳು. ಎಲ್ಲರೂ ನಕ್ಕರು. ನನಗೆ ಹೇಳಲು ಏನೂ ಇರಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಆಗ ಮಗಳು ಕೇಳಿದಳು, ಎಲ್ಲರಿಗೂ ಕೇಳುವ ಹಾಗೆ. "ಮಮ್ಮಿ, ನನ್ನ ಹಡದಾಕಿ ಏನ್ ತಿಂದಿರಬೇಕು? ನಂಗ ಹುಳಿ ಸೇರಂಗಿಲ್ಲ. ಆಕಿಗೂ ಸೇರ್ತಿದ್ದಿಲ್ಲೇನು?"

ದಂಡೋತಿಯ ಅಜ್ಜಿ, "ಅಯ್ಯ ಯವ್ವಾ, ಇಂಥಾ ಮಾತು ಕೂಸಿನ ಬಾಯಾಗ ಯಾರ್ ಹಾಕ್ಯಾರ?" ಎಂದು ಗಲ್ಲಕ್ಕೆ ಕೈ ಹಚ್ಚಿದಳು. ನನ್ನ ಮುಖ ಯಾವ ಬಣ್ಣಕ್ಕೆ ತಿರುಗಿತ್ತೋ ನಾನು ನೋಡಿಕೊಳ್ಳಲಿಲ್ಲ, ಮಗಳು ನೋಡಿದಳು. "ಸುಮ್ನ ಉಣ್ಣು" ಎಂದೆ. ಅವಳು ಸುಮ್ಮನೆ ಉಂಡಳು. ಅಂದಿನಿಂದ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ.

ಎತ್ತಲಿಲ್ಲ ನಿಜ, ಆದರೆ ಅದು ಬೇರೆ ದಾರಿಯಿಂದ ಹೊರಗೆ ಬರತೊಡಗಿತು. ಶಾಲೆಯಲ್ಲಿ ಪಕ್ಕದ ಹುಡುಗಿಯನ್ನು ಕಚ್ಚಿದಳು. ತನ್ನ ಚೀಲದಲ್ಲಿ ರೊಟ್ಟಿ ಮುಚ್ಚಿಡತೊಡಗಿದಳು, ಬೂಷ್ಟು ಹಿಡಿಯುವವರೆಗೂ. ಬಾಗಿಲ ಬಳಿ ಯಾರ ಸಪ್ಪಳವಾದರೂ ಎದ್ದು ಕೂರುತ್ತಿದ್ದಳು. ಸೇಡಂನ ಡಾಕ್ಟರು ಮೈ ಪರೀಕ್ಷೆ ಮಾಡಿ, "ದವಾದಿಂದ ಹೋಗೂದಲ್ರಿ ಇದು, ಮಾತಿನಿಂದ ಹೋಗೂದು" ಎಂದು ಶಹಾಬಾದಿನ ಆ ಸಲಹೆಗಾರ್ತಿಯ ಹೆಸರು ಹೇಳಿದರು. ಮಾತಿನಿಂದ ಹೋಗುವುದಾದರೆ ನಾನಿಲ್ಲವೇ ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸೇಡಂನಲ್ಲಿ ಗಾಡಿ ಹತ್ತುವುದು, ಚಿತ್ತಾಪುರ ದಾಟಿ ವಾಡಿಯಲ್ಲಿಳಿದು, ಬೇರೆ ಗಾಡಿ ಹಿಡಿದು ಶಹಾಬಾದಿಗೆ ಹೋಗುವುದು ಎಂದಾಯಿತು.

ಆ ಸಲಹೆಗಾರ್ತಿಯೋ, ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಮೂವತ್ತು ದಾಟಿಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ. ನಮ್ಮ ಮಾತಿಗೇ ಒಂದಿಷ್ಟು ಹಿಂದಿ ಬೆರೆಸಿ ಮಾತಾಡುತ್ತಿದ್ದಳು. ಮೊದಲ ದಿನ ಗಂಡಹೆಂಡತಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

"ಟೀಚರ್, ದತ್ತು ಬಂದ ಮಕ್ಕಳಿಗಿ ಒಂದು ದುಃಖ ಇರ್ತದ್ರಿ. ನೀವು ಎಷ್ಟ್ ಛಲೋ ನೋಡ್ಕೊಂಡ್ರೂ ಅದು ಇರ್ತದ. ಅದು ನಿಮ್ಮ ತಪ್ಪಲ್ಲ. ಆಕಿ ಮಾತಾಡ್ಲಿ, ಆಡ್ಲಿ, ಚಿತ್ರ ತೆಗೀಲಿ. ಒಳಗಿನ ಮಾತು ಒಳಗೇ ಇರ್ತದ. ಆಕಿಗಿ ಏನರ ಅಪಾಯ ಅನಿಸಿದ್ರ ಮಾತ್ರ ನಿಮಗ ಹೇಳ್ತೀನಿ."

"ಅಂದ್ರ ನನ್ನ ಮಗಳ ಮಾತು ನನಗ ಹೇಳಂಗಿಲ್ಲ?" ಎಂದೆ.

"ಆಕಿನೇ ನಿಮಗ ಹೇಳೂ ಹಂಗ ಆಗ್ಲಿ ಅಂತನೇ ಇದೆಲ್ಲಾ ಮಾಡೂದ್ರಿ."

ನಮ್ಮ ಮನೆಯವರು, ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಮಕ್ಕಳನ್ನು ಹಡೆದವಳೂ ಅಲ್ಲ, ಸಾಕಿದವಳೂ ಅಲ್ಲ, ನನ್ನ ಮಗಳ ವಿಷಯದಲ್ಲಿ ನನಗೆ ಪಾಠ ಹೇಳುತ್ತಾಳೆ! ಆದರೆ ಮಗಳ ಕಣ್ಣ ಕೆಳಗಿನ ಕಪ್ಪು ನೋಡಿ ಬಾಯಿ ಮುಚ್ಚಿಕೊಂಡೆ. ನನಗೆ ಬೇಕಿದ್ದದ್ದು ಒಂದೇ. ಹಡೆದವಳ ಬಗ್ಗೆ ಕೇಳುವುದಿದ್ದರೆ ನನ್ನ ಮಗಳು ನನ್ನನ್ನು ಕೇಳಬೇಕು. ಉತ್ತರ ಗೊತ್ತಿರಲಿ ಬಿಡಲಿ, ನನ್ನನ್ನೇ ಕೇಳಬೇಕು. ಪ್ರಶ್ನೆಗಳು ಬೇರೆಯವರ ಮನೆಗೆ ಹೋಗುವುದನ್ನು ಕಲಿತರೆ ಒಂದು ದಿನ ಅವುಗಳ ಹಿಂದೆ ಮಗಳೂ ಹೋಗುತ್ತಾಳೆ ಎಂದು ನನಗೆ ಹೆದರಿಕೆ.

ಶನಿವಾರಗಳು ಹೋದವು. ಮಗಳು ಕೋಣೆಗೆ ಹೋಗುವಾಗ ಹೆಜ್ಜೆ ಹಗುರಾಗುತ್ತಿತ್ತು. ಸಲಹೆಗಾರ್ತಿಯನ್ನು ಅಕ್ಕ ಎನ್ನತೊಡಗಿದಳು. ಮನೆಯಲ್ಲಿ ಅಕ್ಕ ಹಿಂಗ ಅಂತಾರ, ಅಕ್ಕ ಹಂಗ ಅಂತಾರ. ಅಕ್ಕ ಮರಳಿನಾಗ ಆಡ್ಲಿಕ್ಕ ಬಿಡ್ತಾರ. ಅಕ್ಕ ಸಿಟ್ಟ ಮಾಡಂಗಿಲ್ಲ. ಈ ಕೊನೆಯದು ನನ್ನ ಎದೆಗೆ ಸರಿಯಾಗಿ ನಾಟಿತು. ವಾರಕ್ಕೊಮ್ಮೆ ಅರ್ಧ ತಾಸು ನೋಡಿಕೊಳ್ಳುವುದಾದರೆ ನಾನೂ ಸಿಟ್ಟು ಮಾಡುವುದಿಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜಿಸಿ, ತಲೆ ಬಾಚಿ, ಹೋಂವರ್ಕ್ ಬರೆಸಿ, ಹೇನು ತೆಗೆದು ನೋಡಲಿ ಅವಳು, ಆಮೇಲೆ ಹೇಳಲಿ.

ಸೀತಾಫಲದ ಕಾಲ ಬಂತು. ಚಿಂಚೋಳಿಗೆ ಹತ್ತಿದಂತಿರುವ ಚಂದಾಪುರದಲ್ಲಿ ನನ್ನ ತಂಗಿಯ ಮನೆ. ಆ ಕಡೆಯ ಗುಡ್ಡದ ಹಣ್ಣು ಸಕ್ಕರೆಯಂತೆ ಸಿಹಿ. ತಂಗಿ ಒಂದು ಬುಟ್ಟಿ ಕಳಿಸಿದಳು. ಮಗಳು ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೂ ಒತ್ತಿ ನೋಡಿ, ಎಲ್ಲಕ್ಕಿಂತ ದೊಡ್ಡದನ್ನು ತೆಗೆದು ನನ್ನ ಟವೆಲ್ಲಿನಲ್ಲೇ ಸುತ್ತಿದಳು.

"ಯಾರಿಗಿ ಅದು?" ಎಂದೆ. ಗೊತ್ತಿದ್ದೂ ಕೇಳಿದೆ.

"ಅಕ್ಕಗ."

"ನಂಗ ಬ್ಯಾಡೇನು?"

"ಬುಟ್ಟಿ ತುಂಬಾ ಅವಲ್ಲ, ನೀ ಅದ್ರಾಗಿಂದು ತಿನ್ನು."

ತಿನ್ನಲಿಲ್ಲ. ಆ ವರ್ಷ ಒಂದು ಸೀತಾಫಲವನ್ನೂ ಮುಟ್ಟಲಿಲ್ಲ. ನನ್ನ ಹಟ ನನಗೇ ಗೊತ್ತು. ಗಾಡಿಯಲ್ಲಿ ಅವಳು ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚಿತ್ತಾಪುರದ ಹತ್ತಿರ ಗಾಡಿ ಜಗ್ಗಿದಾಗ ಅದು ಬಿದ್ದು ಒಡೆಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬೀಳಲಿಲ್ಲ. ಬಾಗಿಲಿಗೆ ಬಂದು ಹಣ್ಣು ಇಸಕೊಂಡ ಆ ಹುಡುಗಿ, "ಅರೇ ವಾಹ್, ಇಷ್ಟ್ ದೊಡ್ಡದು ನಂಗೇನು?" ಎಂದು ಕಣ್ಣರಳಿಸಿದಳು. ನನ್ನ ಮಗಳು ನಾಚಿದಳು. ನಾಚಿದ್ದನ್ನು ನಾನು ಮೊದಲ ಸಲ ನೋಡಿದೆ, ಅದೂ ಬೇರೊಬ್ಬಳ ಮುಂದೆ.

ಇಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದ್ದು ಒಂದು ಮಾತು. ಒಂದು ಬೆಳಿಗ್ಗೆ ಜಡೆ ಹಾಕುತ್ತಿದ್ದೆ. ಗುಂಗುರು ಕೂದಲು, ಬಾಚಣಿಗೆ ಇಳಿಯುವುದೇ ಕಷ್ಟ. ಅವಳು ಕನ್ನಡಿ ನೋಡುತ್ತ, "ಅವ್ವನ ಕೂದ್ಲಾನೂ ಹಿಂಗೇ ಗುಂಗುರ ಇರಬೇಕು" ಎಂದಳು.

"ಯಾವ ಅವ್ವ?" ಎಂದೆ. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಅತ್ತೆಯನ್ನು ಅವಳು ಆಯಿ ಎನ್ನುತ್ತಾಳೆ. ನನ್ನನ್ನು ಮಮ್ಮಿ ಎನ್ನುತ್ತಾಳೆ. ಈಗಿನ ಸೇಡಂನಲ್ಲಿ ಓಣಿಗೆಲ್ಲ ಮಮ್ಮಿಯರೇ. ಅವಳು ಮನೆಗೆ ಬಂದಾಗ, ಎಲ್ಲ ಮಕ್ಕಳ ಹಾಗೆ ಅವಳೂ ಮಮ್ಮಿ ಎನ್ನಲಿ ಎಂದು ನಾನೇ ಕಲಿಸಿದ್ದೆ.

"ನನ್ನ ಹಡದವ್ವ. ಅಕ್ಕ ಹಂಗೇ ಅಂತಾರ. ಹಡದಾಕಿ ಅನ್ನಬ್ಯಾಡ, ಹಡದವ್ವ ಅನ್ನು ಅಂತಾರ."

ಮುಗಿಯಿತು. ನನ್ನ ತಾಯಿಯನ್ನು ನಾನು ಅವ್ವ ಎಂದು ಕರೆದವಳು. ಬಿದ್ದರೆ, ಬೆಚ್ಚಿದರೆ, ಹಲ್ಲು ನೋವಾದರೆ ನಮ್ಮ ಕಡೆ ಬಾಯಿಂದ ಹೊರಡುವುದೇ ಯವ್ವಾ ಎಂದು. ಮಮ್ಮಿ ಎನ್ನುವುದು ಅಂಗಡಿಯಿಂದ ತಂದ ಮಾತು. ಒಳ್ಳೆಯ ಮಾತನ್ನು ಬಿಟ್ಟು ನಾನು ಅಂಗಡಿಯದನ್ನು ತೆಗೆದುಕೊಂಡೆ. ಒಂದು ದಿನ ಹಾಲು ಕಾಸದ, ಒಂದು ಸಲ ಜ್ವರಕ್ಕೆ ಹಣೆಯ ಮೇಲೆ ಬಟ್ಟೆ ಹಾಕದ ಆ ಹೆಂಗಸಿಗೆ ಅವ್ವ ಎಂಬ ಹೆಸರು ಕೂತಲ್ಲೇ ಸಿಕ್ಕಿತು! ಜಡೆಯನ್ನು ಬಿಗಿದೆ. ಮಗಳು ಸ್ಸ್ ಎಂದು ತಲೆ ಹಿಡಿದುಕೊಂಡಳು.

ಆ ಸಂಜೆ ಅಡುಗೆಮನೆಯಲ್ಲಿ ನಮ್ಮವರ ಮುಂದೆ ಎಲ್ಲ ಹೊರಗೆ ಬಂತು. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು, ಅದರ ಮೇಲೂ ಲಕ್ಷ್ಯವಿಲ್ಲ.

"ನನ್ನ ಹೊಟ್ಟಿ ಉರೀಲಿಕತ್ತದ್ರೀ! ಖರೇ ಹೇಳ್ತೀನಿ, ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ಯಾದ. ಆಕಿ ಮಾತ ತೆಗದ್ರ ಸಾಕು, ಧಗಧಗ ಅಂತದ. ನಾ ಇಲ್ಲಿ ಸಾಯೂದು, ಅವ್ವ ಅನ್ನಸ್ಕೊಳ್ಳಾಕಿ ಆಕಿ!"

"ಸಾವಕಾಶ ಮಾತಾಡಬೇ, ಹೊರಗ ಕೂಸು ಓದ್ಲಿಕತ್ತದ, ಕೇಳಸ್ತದ" ಎಂದರು ಅವರು.

"ಕೇಳ್ಲಿ!" ಎಂದೆ.

ಆ ವಾರವೇ ಮಗಳು ನನ್ನ ಹಾಸಿಗೆ ಬಿಟ್ಟಳು. ದಿಂಬು ಎತ್ತಿಕೊಂಡು ಆಯಿಯ ಮಂಚಕ್ಕೆ ಹೋದಳು. ಕರೆದರೆ, "ಇಲ್ಲೇ ಛಲೋ ಅದ" ಎಂದಳು. ಕೂತಾಗ ಬಂದು ನನ್ನ ಮಡಿಲಿಗೆ ಬೀಳುತ್ತಿದ್ದ ಹುಡುಗಿ ಈಗ ಪಕ್ಕದಲ್ಲಿ ಒಂದು ಗೇಣು ಜಾಗ ಬಿಟ್ಟು ಕೂರತೊಡಗಿದಳು. ನಾನು ತಬ್ಬಿಕೊಳ್ಳಲು ಹೋದರೆ ಮೈ ಹಿಂದಕ್ಕೆ ಬಾಗಿಸಿ, ಬರೀ ನನ್ನ ಕುತ್ತಿಗೆಗೆ ಕೈ ಹಾಕಿ ಬಿಡುತ್ತಿದ್ದಳು. ಗಾಡಿಯಲ್ಲಿ ಎದುರಿನ ಸೀಟು. ರೊಟ್ಟಿ ಮುಚ್ಚಿಡುವುದು ನಿಂತಿತ್ತು, ಶಾಲೆಯಿಂದ ದೂರು ಬರುವುದು ನಿಂತಿತ್ತು. ನಮ್ಮವರು, "ನೋಡು, ಎಷ್ಟ್ ಸುಧಾರ್ಸ್ಯಾಳ" ಎಂದು ಖುಷಿಪಟ್ಟರು. ಹೌದು, ಸುಧಾರಿಸಿದ್ದಳು. ನನ್ನನ್ನು ಬಿಟ್ಟು ಸುಧಾರಿಸಿದ್ದಳು. ಆ ಮುಚ್ಚಿದ ಬಾಗಿಲಿನ ಒಳಗೆ ಅವರಿಬ್ಬರೂ ಕೂಡಿ ನನ್ನ ಜಾಗದಲ್ಲಿ ಗುಂಗುರು ಕೂದಲಿನ ಇನ್ನೊಬ್ಬಳನ್ನು ಕೂರಿಸಿದ್ದಾರೆ ಎಂದೇ ನನಗೆ ಖಾತ್ರಿಯಾಯಿತು. ಆ ಹೆಂಗಸಿನ ಮುಖ ನಾನು ನೋಡಿರಲಿಲ್ಲ. ಆದರೂ ಅಂಗಡಿ ಸಾಲಿನಲ್ಲಿ ಗುಂಗುರು ಕೂದಲಿನವರು ಯಾರಾದರೂ ಎದುರಾದರೆ ದುರುಗುಟ್ಟಿ ನೋಡುತ್ತಿದ್ದೆ.

ಹೀಗೆ ಮೂರ್ನಾಲ್ಕು ವಾರ ಕಳೆದ ಮೇಲೆ, ಸಾಕಿನ್ನು, ಬಿಡಿಸಿಬಿಡುತ್ತೇನೆ ಎಂದು ತೀರ್ಮಾನಿಸಿದೆ. ಆ ಶನಿವಾರ ನಾವಿಬ್ಬರೇ ಹೋದೆವು, ನಮ್ಮವರಿಗೆ ಪಾಳಿ ಇತ್ತು. ಮಗಳ ಅರ್ಧ ತಾಸು ಮುಗಿದ ಮೇಲೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ನಾನು ಒಳಗೆ ಹೋದೆ.

"ಕುಂದ್ರಿ ಟೀಚರ್" ಎಂದಳು ಅವಳು.

"ಕುಂದ್ರಂಗಿಲ್ಲ. ಮುಂದಿನ ವಾರದಿಂದ ನಾವು ಬರಂಗಿಲ್ಲ, ಅದು ಹೇಳಿ ಹೋಗ್ಲಿಕ್ಕ ಬಂದೀನಿ."

ಅವಳು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ನಾಲಿಗೆಯ ಮೇಲೆ ಬೇಕಾದಷ್ಟು ಇಟ್ಟುಕೊಂಡಿದ್ದೆ. "ನಿಮ್ಮ ಮರ್ಜಿ" ಎಂದಳು. "ಆದ್ರ ಒಂದು ಮಾತು ಅದ. ನಿಮಗ ಕೇಳ್ಲಿಕ್ಕ ಮಗಳೇ ಪರವಾನಗಿ ಕೊಟ್ಟಾಳ. ನಿಮ್ಮ ಹೊಟ್ಟಿಗಿ ಏನರ ಬ್ಯಾನಿ ಅದೇನ್ರಿ?"

"ನನ್ನ ಹೊಟ್ಟಿಗಿ ಏನಾಗ್ಯಾದ? ಗುಂಡಕಲ್ಲಿನಂಗ ಇದ್ದೀನಿ."

"ನಮ್ಮ ಮಮ್ಮಿ ಹೊಟ್ಟ್ಯಾಗ ಬೆಂಕಿ ಅದ, ದವಾ ಕೊಡ್ರಿ ಅಂತ ವಾರಾವಾರಾ ಕೇಳ್ಲಿಕತ್ತಾಳ."

ನಾನು ಕೂತೆ. ಕೂರುವುದಿಲ್ಲ ಎಂದವಳು ಧಪ್ಪನೆ ಕೂತೆ.

"ನಾ ತಿಳಿಸಿ ಹೇಳಬಹುದಿತ್ರಿ," ಎಂದಳು ಅವಳು, "ಹೇಳಿಲ್ಲ. ಆ ಮಾತು ಆಡಿದವರು ನೀವು. ಅದ್ರ ಅರ್ಥನೂ ನಿಮ್ಮ ಬಾಯಿಂದನೇ ಆಕಿಗಿ ಗೊತ್ತಾಗ್ಲಿ. ಅಷ್ಟ್ ಆದ ಮ್ಯಾಲ ಬರೂದು ಬಿಡೂದು ನೀವ್ ನೋಡ್ರಿ."

ಒಂಬತ್ತನೇ ಕ್ಲಾಸಿಗೆ ನುಡಿಗಟ್ಟು ಕಲಿಸುವವಳು ನಾನು. ಹೊಟ್ಟೆ ಉರಿ ಎಂದರೆ ಅಸೂಯೆ ಎಂದು ಬೋರ್ಡಿನ ಮೇಲೆ ಬರೆದು, ವಾಕ್ಯದಲ್ಲಿ ಬಳಸಿರಿ ಎನ್ನುವವಳು. ನನ್ನ ಮನೆಯ ಹುಡುಗಿ ಅದನ್ನು ಇದ್ದದ್ದು ಇದ್ದ ಹಾಗೆ ತಿಳಿದುಕೊಂಡಿದ್ದಳು, ಹೊಟ್ಟೆ ಎಂದರೆ ಹೊಟ್ಟೆ, ಉರಿ ಎಂದರೆ ಉರಿ. ನಗಲು ಹೋಗಿ, ಸೆರಗಿನಿಂದ ಮುಖ ಒರೆಸಿಕೊಂಡೆ. ಅಷ್ಟರಲ್ಲೂ ನನ್ನ ಬುದ್ಧಿ ಬಿಡಲಿಲ್ಲ ನೋಡಿ: ನನ್ನ ಹೊಟ್ಟೆಯ ಸುದ್ದಿಯೂ ನನಗಿಂತ ಮೊದಲು ಇವಳಿಗೇ ಗೊತ್ತಾಗಬೇಕಿತ್ತೇ ಎನಿಸಿತು.

ವಾಡಿಯಲ್ಲಿ ಸೇಡಂ ಗಾಡಿಗೆ ಕಾಯುತ್ತ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆವು. ನಡುವೆ ಅದೇ ಒಂದು ಗೇಣು. ಬಿಸಿಲು ಇನ್ನೂ ಇತ್ತು. ಹೇಗೆ ಶುರು ಮಾಡುವುದೆಂದು ನಾನು ತಡಕಾಡುತ್ತಿರುವಾಗ ಮಗಳೇ ಎದ್ದು ನಿಂತು, ಅಂಗಡಿಯ ಕಡೆ ಕೈ ಮಾಡಿದಳು.

"ಮಮ್ಮಿ, ಮಜ್ಜಿಗಿ ತಗೋ."

"ನಿಂಗ ಬೇಕೇನು?"

"ನಂಗಲ್ಲ, ನಿಂಗ. ಉರಿಗಿ ಮಜ್ಜಿಗಿ ಛಲೋ ಅಂತ ಆಯಿ ಅಂತಾಳ."

ಇಸಕೊಂಡು ಕುಡಿದೆ. ಉಪ್ಪು ಜಾಸ್ತಿಯಾಗಿತ್ತು. ಅವಳು ಎದುರಿಗೆ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದಳು, ಪೂರಾ ಇಳಿಯಿತೋ ಇಲ್ಲವೋ ಎಂದು.

"ತಣ್ಣಗಾಯ್ತೇನು?"

"ಅದಕ್ಕೇನು ನೀ ಆಯಿ ಕಡಿ ಮಲಗೂದು?" ಎಂದೆ.

"ನಾ ತಲಿ ಇಟ್ರ ಇನ್ನಾ ಉರೀತದಲ್ಲ." ಎಷ್ಟು ಸರಳವಾಗಿ ಹೇಳಿದಳೆಂದರೆ, ನನಗಿಷ್ಟು ತಿಳಿಯುವುದಿಲ್ಲವೇ ಎಂಬಂತಿತ್ತು. "ಅದಕ್ಕೇ ನಾ ನಿನ್ನ ಹೊಟ್ಟ್ಯಾಗ ಬಂದಿಲ್ಲ. ಬಂದಿದ್ರ ಸುಡ್ತಿದ್ನಿ. ಆಕಿ ಹೊಟ್ಟ್ಯಾಗ ಬೆಂಕಿ ಇದ್ದಿಲ್ಲ, ಅಲ್ಲಿ ಬಂದೆ. ಅಕ್ಕಗ ಹೇಳೀನಿ ಇದು."

ನನಗೆ ಮಕ್ಕಳಾಗದ್ದಕ್ಕೆ ಡಾಕ್ಟರು ಹೇಳಿದ ಕಾರಣ ಕೇಳಿದ್ದೆ, ದೇವರ ಹೆಸರಲ್ಲಿ ಹೇಳಿದ ಕಾರಣ ಕೇಳಿದ್ದೆ, ಚಿತ್ತಾಪುರದ ಹೆಂಗಸರು ಬೆನ್ನ ಹಿಂದೆ ಆಡಿಕೊಂಡ ಕಾರಣಗಳೂ ಕಿವಿಗೆ ಬಿದ್ದಿದ್ದವು. ನನ್ನ ಮೇಲೆ ಇಷ್ಟು ಮರುಕ ಇಟ್ಟುಕೊಂಡು ಹೇಳಿದ ಕಾರಣ ಇದೊಂದೇ. ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡೆ. ಈ ಸಲ ಗೇಣು ಜಾಗ ಬಿಡಲು ನಾನು ಕೊಡಲಿಲ್ಲ.

"ಯವ್ವಾ, ಅದು ಖರೇ ಬೆಂಕಿ ಅಲ್ಲ. ನಿನ್ನ ಜೀವದ ಗೆಳತಿ ನಿನ್ನ ಬಿಟ್ಟು ಬ್ಯಾರೆದಾಕಿ ಸಂಗಟ ಕುಂತ್ರ ನಿಂಗ ಹ್ಯಾಂಗ ಆಗ್ತದ?"

"ಸಿಟ್ಟ ಬರ್ತದ."

"ಇನ್ನಾ?"

"ಅಳೂ ಬರ್ತದ. ಆಕಿಗಿ ಕಚ್ಚಬೇಕು ಅನಸ್ತದ."

"ಹಾಂ, ಅದಕ್ಕ ಹೊಟ್ಟಿ ಉರಿ ಅಂತಾರ. ಬ್ಯಾನಿ ಅಲ್ಲ ಅದು."

ಅವಳು ಇದನ್ನು ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡವಳಂತೆ ಹೊಟ್ಟಿ ಉರಿ, ಹೊಟ್ಟಿ ಉರಿ ಎಂದು ಹೊರಳಿಸಿದಳು. "ನಿಂಗ ಯಾರಿಗಿ ಕಚ್ಚಬೇಕು ಅನಸ್ತದ?"

"ನಿಮ್ಮ ಅಕ್ಕಗ."

"ಅಕ್ಕಗ!" ಬಾಯಿ ತೆರೆದು ನೋಡಿದಳು. ಆಮೇಲೆ ನಕ್ಕಳು. ಬಾಗಿಲಿನ ಆಚೆಯಿಂದ ಕೇಳಿಸುತ್ತಿದ್ದ ಅದೇ ನಗು. ನನಗಾಗಿ ನಕ್ಕದ್ದಲ್ಲ, ನನ್ನನ್ನು ನೋಡಿ ನಕ್ಕದ್ದು. ಆದರೂ ಆಗಬಹುದು ಎಂದುಕೊಂಡೆ. ನಗು ನಿಂತ ಮೇಲೆ ಅವಳು ದನಿ ತಗ್ಗಿಸಿದಳು.

"ಆಕಿ ಮ್ಯಾಲಾನೂ ಉರೀತದಲ್ಲ? ನನ್ನ ಹಡದವ್ವನ ಮ್ಯಾಲ. ನೀ ಅಡಗಿಮನ್ಯಾಗ ಅಂದಿದ್ದಿ."

"ಹೂಂ."

"ನಾ ಆಕಿದು ಕೇಳಿದ್ರ ನಿಂಗ ಉರೀತದೇನು?"

ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಏನೂ ಆಗುವುದಿಲ್ಲ ಮಗಳೇ, ನನಗೆ ಖುಷಿಯೇ ಎನ್ನಬೇಕು. ಒಳ್ಳೆಯ ತಾಯಂದಿರು ಹಾಗನ್ನುತ್ತಾರೆ. ಆದರೆ ಕುಬಸದ ಪಂಕ್ತಿಯಲ್ಲಿ ನನ್ನ ಮುಖ ನೋಡಿದವಳು, ಅಡುಗೆಮನೆಯ ಮಾತು ಕೇಳಿದವಳು ಎದುರಿಗೆ ಕೂತಿದ್ದಳು. ಸುಳ್ಳು ಹೇಳಿದರೆ ಆ ಪ್ರಶ್ನೆ ಮತ್ತೆ ಆ ಕೋಣೆಗೇ ಹೋಗುತ್ತಿತ್ತು.

"ಉರೀತದ" ಎಂದೆ. "ಭಾಳ ಉರೀತದ. ಆದ್ರೂ ನನಗೇ ಕೇಳು. ಉರಿದ್ರ ಉರೀಲಿ, ಅದ್ರಿಂದ ನಾ ಸಾಯಂಗಿಲ್ಲ. ನೀನೂ ಸುಡಂಗಿಲ್ಲ. ನೀ ಬ್ಯಾರೆದವರಿಗಿ ಕೇಳಿದ್ರನೇ ನನಗ ಜಾಸ್ತಿ ಉರೀತದ."

ಸಿಮೆಂಟಿನ ಗೂಡ್ಸ್ ಗಾಡಿಯೊಂದು ಎದುರಿನ ಹಳಿಯ ಮೇಲೆ ಬಂತು. ಮಾತು ಕೇಳದಷ್ಟು ಸಪ್ಪಳ. ಕೊನೆಯ ಡಬ್ಬಿ ದಾಟಿ ಹೋಗುವವರೆಗೂ ಅವಳು ಅದನ್ನೇ ನೋಡಿದಳು. ಕೇಳುವುದೋ ಬೇಡವೋ ಎಂದು ತೂಗುತ್ತಿದ್ದಾಳೆ ಎನಿಸಿತು. ಏನು ಕೇಳಬಹುದು? ಅವಳ ಊರು ಯಾವುದು, ನನ್ನನ್ನು ಯಾಕೆ ಬಿಟ್ಟಳು, ಒಮ್ಮೆ ನೋಡಬೇಕು. ಒಂದೊಂದಕ್ಕೂ ಹಲ್ಲು ಕಚ್ಚಿ ತಯಾರಾದೆ.

"ಮಮ್ಮಿ, ನಾ ನಿನ್ನ ಸಂಗಟ ಇದ್ದೀನಲ್ಲ," ಎಂದಳು, "ಆಕಿಗೂ ನಿನ್ನ ಮ್ಯಾಲ ಹೊಟ್ಟಿ ಉರೀತಿರ್ತದೇನು?"

ಇದಕ್ಕೆ ನಾನು ತಯಾರಾಗಿರಲಿಲ್ಲ. ಇಷ್ಟು ವರ್ಷ ನನ್ನ ಲೆಕ್ಕದಲ್ಲಿ ಆ ಹಡೆದವಳು ಎಲ್ಲ ಇದ್ದವಳು. ಬಸುರು ಅವಳದು, ಬಯಕೆ ಅವಳದು, ಮಗಳ ತಲೆಯ ಮೇಲಿನ ಕೂದಲು ಅವಳದು, ಈಗ ಅವ್ವ ಎಂಬ ಹೆಸರೂ ಅವಳದು. ಇಲ್ಲದವಳು ನಾನು, ಉರಿಯುವ ಹಕ್ಕು ನನ್ನೊಬ್ಬಳದು ಎಂದುಕೊಂಡಿದ್ದೆ. ಎಲ್ಲೋ ಒಂದು ಊರಿನಲ್ಲಿ, ಎಂಟು ವರ್ಷದ ಯಾವುದಾದರೂ ಹುಡುಗಿ ತಾಯಿಯ ಕೈ ಹಿಡಿದು ಹೋಗುವುದನ್ನು ಕಂಡಾಗ ಆ ಹೆಂಗಸು ಆ ತಾಯಿಯನ್ನು ದುರುಗುಟ್ಟಿ ನೋಡುತ್ತಿರಬಹುದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಉರೀತಿರ್ತದ" ಎಂದೆ. "ನನಗಿಂತ ಭಾಳ ಉರೀತಿರ್ತದ."

ಅವಳು ನನ್ನ ಕೈಯಲ್ಲಿದ್ದ ಖಾಲಿ ಗ್ಲಾಸನ್ನು ನೋಡಿದಳು.

"ಹಂಗಾದ್ರ ಆಕಿಗಿ ಮಜ್ಜಿಗಿ ಯಾರ್ ಕೊಡ್ತಾರ?"

ಒಂದು ಗಳಿಗೆ ಮತ್ತೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮಗಳು ನನ್ನ ಪಕ್ಕದಲ್ಲಿ ಕೂತು ಆ ಹೆಂಗಸಿಗಾಗಿ ಮರುಗುತ್ತಿದ್ದಳು. ಆದರೆ ಆ ಪ್ರಶ್ನೆಯನ್ನು ಶಹಾಬಾದಿಗೆ ಹೊತ್ತು ಹೋಗಲಿಲ್ಲ, ಮುಂದಿನ ಶನಿವಾರದವರೆಗೆ ಕಟ್ಟಿಡಲಿಲ್ಲ. ನನ್ನನ್ನೇ ಕೇಳಿದಳು. ಇಷ್ಟು ದಿನ ನಾನು ಬೇಡಿದ್ದು ಅದನ್ನೇ. ಈಗ ಅವಳು ನನ್ನ ಮುಖ ನೋಡುತ್ತ ಕಾಯುತ್ತಿದ್ದಳು. ಅವಳ ತಲೆಯನ್ನು ಎಳೆದು ನನ್ನ ಹೊಟ್ಟೆಗೆ ಆನಿಸಿಕೊಂಡೆ.